ಒಂದು ಕೆ.ಜಿ. ಉಪ್ಪು ಎಷ್ಟು ದಿನಕ್ಕೆ?

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಅಧ್ಯಕ್ಷರಿಗೆ,
ಹಾಗೆಯೇ ಮನೆಯಲ್ಲಿ ಒಲೆ ಹಚ್ಚುವ ಎಲ್ಲರಿಗೂ,

ನಮಸ್ಕಾರ.

ನಾನು ಮದುವೆ ಅಡುಗೆಯವನು. ಹದಿನಾಲ್ಕನೇ ವಯಸ್ಸಿಗೆ ಕಾಯಿ ತುರಿಯಲು ಸೇರಿದೆ. ನಲವತ್ತೈದು ವರ್ಷ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಸುತ್ತಿನ ಛತ್ರಗಳಲ್ಲಿ ಕೊಪ್ಪರಿಗೆ ಮುಂದೆ ನಿಂತೆ. ಈಗ ಕಾಂಟ್ರಾಕ್ಟ್ ಎಲ್ಲ ಮಗನದು. ನಾನು ಕುರ್ಚಿ ಹಾಕಿಕೊಂಡು ಕೂತು, ಒಗ್ಗರಣೆ ಹೊತ್ತಿತೋ ಇಲ್ಲವೋ ಅಂತ ವಾಸನೆ ಮೇಲೆ ಹೇಳುವುದಷ್ಟೇ.

ನನ್ನ ಕೈಯಿಂದ ಎಷ್ಟು ಜನ ಉಂಡಿರಬಹುದು ಅಂತ ಒಮ್ಮೆ ಸುಮ್ನೆ ಲೆಕ್ಕ ಹಾಕಿದೆ. ವರ್ಷಕ್ಕೆ 60 ಕಾರ್ಯ, ಒಂದೊಂದಕ್ಕೆ 400 ಎಲೆ ಅಂತ ಹಿಡಿದರೂ ಹತ್ತು ಲಕ್ಷ ಎಲೆ ದಾಟಿತು. ಅಷ್ಟಕ್ಕೂ ಉಪ್ಪು ಹಾಕಿದ ಕೈ ಇದು. ಉಪ್ಪಿನ ವಿಷಯದಲ್ಲಿ ನಿಮಗೆ ಪತ್ರ ಬರೆಯಲು ನನಗಿಂತ ದೊಡ್ಡ ತಪ್ಪಿತಸ್ಥ ಸಿಗಲಿಕ್ಕಿಲ್ಲ.

ನಮ್ಮ ಕಸುಬಿನ ಒಂದು ಗುಟ್ಟು ಮೊದಲು ಹೇಳಿಬಿಡುತ್ತೇನೆ. ಸಾಮಾನಿನ ಚೀಟಿಯಲ್ಲಿ ಅಕ್ಕಿ ಇಷ್ಟು, ಬೇಳೆ ಇಷ್ಟು, ಬೆಲ್ಲ ಇಷ್ಟು ಅಂತ ತೂಕ ಹಾಕಿ ಬರೆಯುತ್ತೇವೆ. ಗೋಡಂಬಿ ಕಾಲು ಕೆ.ಜಿ. ಜಾಸ್ತಿ ಹೋದರೂ ಮದುವೆ ಮನೆಯ ಯಜಮಾನರಿಗೆ ಲೆಕ್ಕ ಕೊಡಬೇಕು. ಉಪ್ಪಿಗೆ ಮಾತ್ರ ಯಾರೂ ಲೆಕ್ಕ ಕೇಳುವುದಿಲ್ಲ. ಅಗ್ಗದ ಸಾಮಾನು. ಚೀಟಿಯಲ್ಲಿ ಐದು ಪ್ಯಾಕೆಟ್ ಅಂತ ಬರೆದರೂ ಕೊಪ್ಪರಿಗೆಗೆ ಬೀಳುವುದು ಕೈಯಳತೆಯಲ್ಲೇ.

ಆ ಕೈಯಳತೆಯನ್ನು ನಾನು ಕಲಿತದ್ದು ಕಲ್ಲುಪ್ಪಿನ ಕಾಲದಲ್ಲಿ. ಪುಡಿಯುಪ್ಪು ಬಂದ ಹೊಸತರಲ್ಲಿ ಎರಡು ಮೂರು ಕಡೆ ಸಾರು ಕೆಟ್ಟಿತು. ಕಲ್ಲುಪ್ಪಿನ ಹಿಡಿಯಲ್ಲಿ ಹರಳಿನ ನಡುವೆ ಸಂದು ಇರುತ್ತದೆ. ಪುಡಿಯುಪ್ಪು ಹಿಡಿಯೊಳಗೆ ಗಟ್ಟಿಯಾಗಿ ಕೂರುತ್ತದೆ, ತೂಕ ಜಾಸ್ತಿ. ಆಗ ನಮ್ಮ ಹಿರಿಯ ಭಟ್ಟರು ಬೈದದ್ದು ಇನ್ನೂ ಕಿವಿಯಲ್ಲಿದೆ. "ಕಡಿಮೆ ಆದ್ರೆ ಎಲೆಗೆ ಬಡಿಸಬಹುದು ಕಣೋ. ಜಾಸ್ತಿ ಆದ್ರೆ ತೆಗೆಯೋದು ಹ್ಯಾಗೆ?"

ಅದು ಸಾರಿನ ಬಗ್ಗೆ ಹೇಳಿದ ಮಾತು ಅಂತಲೇ ಬಹಳ ವರ್ಷ ಅಂದುಕೊಂಡಿದ್ದೆ.

ಆರು ವರ್ಷದ ಹಿಂದೆ ಒಂದು ಛತ್ರದ ಪಕ್ಕದ ಶಾಲೆಯಲ್ಲಿ ಉಚಿತ ತಪಾಸಣೆ ಶಿಬಿರ ಇತ್ತು. ಕೊನೆಯ ಪಂಕ್ತಿ ಎದ್ದಿತ್ತು, ಸಂಜೆ ಕಾಫಿಗೆ ಇನ್ನೂ ಹೊತ್ತಿತ್ತು. ಸುಮ್ನೆ ಹೋಗಿ ಕೂತೆ. ತೋಳಿಗೆ ಪಟ್ಟಿ ಸುತ್ತಿದ ಹುಡುಗಿ ಒಮ್ಮೆ ನೋಡಿದಳು. ಬಿಚ್ಚಿ ಮತ್ತೊಮ್ಮೆ ಸುತ್ತಿದಳು. 180ಕ್ಕೆ 110. "ತಲೆ ಸುತ್ತಲ್ವಾ ಅಜ್ಜ? ತಲೆನೋವು?" ಅಂತ ಕೇಳಿದಳು. ಏನೂ ಇರಲಿಲ್ಲ. ಬೆಳಗ್ಗೆಯಷ್ಟೇ ಕುದಿಯುವ ಹುಳಿಯ ಕೊಪ್ಪರಿಗೆಗೆ ಕೈಕೊಟ್ಟು ಒಲೆಯಿಂದ ಇಳಿಸಿ ಬಂದಿದ್ದೆ. ಆಗ ನನಗೆ ಐವತ್ತಮೂರು. ಬಿಪಿಗಿಂತ ಅವಳು ಅಜ್ಜ ಅಂದದ್ದೇ ಆವತ್ತು ಜಾಸ್ತಿ ಬೇಜಾರಾಗಿತ್ತು.

ಬಿಪಿ ಬರುವುದು ಹೀಗೇ. ಬಾಗಿಲು ಬಡಿಯುವುದಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದೊಡ್ಡ ಸಮೀಕ್ಷೆಯ ಲೆಕ್ಕದಲ್ಲಿ ನಮ್ಮ ದೇಶದ ವಯಸ್ಕರಲ್ಲಿ ಶೇ. 35.5 ಜನರಿಗೆ ಅಧಿಕ ರಕ್ತದೊತ್ತಡ ಇದೆ. ನೂರು ಜನರ ಪಂಕ್ತಿ ಕೂರಿಸಿದರೆ ಮೂವತ್ತೈದು ಜನ. ಅದರಲ್ಲಿ ಎಷ್ಟೋ ಮಂದಿಗೆ ನನ್ನ ಹಾಗೆ ಗೊತ್ತೇ ಇರುವುದಿಲ್ಲ. ನಾನು ಅವರಿಗೆಲ್ಲ ಎರಡನೇ ಸಲ ಹಪ್ಪಳ ಹಾಕಿಸಿ ಕಳಿಸುತ್ತಿದ್ದೆ.

ಮಾತ್ರೆ ಶುರುವಾಯಿತು. ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದರು. ಎಷ್ಟು ಕಡಿಮೆ, ಎಷ್ಟರಿಂದ ಕಡಿಮೆ ಅಂತ ಹೇಳಲಿಲ್ಲ. ಹೊರಗೆ ನಲವತ್ತು ಜನ ಕಾಯುತ್ತಿದ್ದರು, ಅವರಿಗಾದರೂ ಪುರುಸೊತ್ತೆಲ್ಲಿ? ಮನೆಗೆ ಬಂದು ಮೊಸರನ್ನಕ್ಕೆ ಉಪ್ಪು ಬಿಟ್ಟೆ. ಉಳಿದದ್ದೆಲ್ಲ ಹಾಗೇ ನಡೆಯಿತು. ಉಪ್ಪು ಬಿಟ್ಟಿದ್ದೇನೆ ಅಂತ ಕಂಡವರಿಗೆಲ್ಲ ಹೇಳಿಕೊಂಡೂ ತಿರುಗಿದೆ.

ಒಂದು ದಿನ ಮಗ ಮೆಲ್ಲಗೆ ಹೇಳಿದ. "ಅಪ್ಪಾ, ಎರಡು ವರ್ಷದಿಂದ ನಿಮ್ಮ ಕೈಯಲ್ಲಿ ಉಪ್ಪು ಜಾಸ್ತಿ ಆಗ್ತಾ ಇದೆ. ಜನ ನನ್ನ ಹತ್ತಿರ ಹೇಳ್ತಾರೆ. ನಿಮಗೆ ಹೇಳೋದು ಹ್ಯಾಗೆ ಅಂತ ಸುಮ್ಮನಿದ್ದೆ." ನಾಚಿಕೆಯಿಂದ ಎರಡು ದಿನ ಮಾತಾಡಲಿಲ್ಲ. ನೈವೇದ್ಯ ಆಗುವವರೆಗೆ ನಾವು ಬಾಯಿಗೆ ಹಾಕಿ ನೋಡುವಂತಿಲ್ಲ. ಕೈಯನ್ನು ನಂಬಬೇಕು. ಆ ಕೈಗೆ ಪಾಠ ಹೇಳುವುದು ಆಮೇಲೆ ಊಟಕ್ಕೆ ಕೂತಾಗಿನ ನಾಲಿಗೆ. ವಯಸ್ಸಾದಂತೆ ನಾಲಿಗೆಯ ಚುರುಕು ಇಳಿಯುತ್ತದೆ. ನಾನು ಹೊಗೆಸೊಪ್ಪು ಸೇರಿಸಿ ಎಲೆಅಡಿಕೆ ಜಗಿಯುತ್ತಿದ್ದವನು ಬೇರೆ. ನಾಲಿಗೆ ಮಂಕಾಯಿತು, ಕೈ ದೊಡ್ಡದಾಯಿತು. ನಿಮ್ಮ ಮನೆಯಲ್ಲಿ ಅಮ್ಮನ ಅಡುಗೆ ಈಚೆಗೆ ಉಪ್ಪಾಗುತ್ತಿದ್ದರೆ ಮರೆವು ಅಂತ ಬೈಯಬೇಡಿ. ಅದು ನಾಲಿಗೆ.

ಆಮೇಲಿನ ಮದುವೆಯಲ್ಲಿ ಹಠಕ್ಕೆ ಬಿದ್ದು ತಕ್ಕಡಿ ತರಿಸಿದೆ. ಮಧ್ಯಾಹ್ನದ ಊಟ, 500 ಎಲೆ. ಸಾರು, ಹುಳಿ, ಎರಡು ಪಲ್ಯ, ಕೋಸಂಬರಿ, ಗೊಜ್ಜು, ಚಿತ್ರಾನ್ನ, ಬೋಂಡ, ಮಜ್ಜಿಗೆ. ಎಲ್ಲ ಸೇರಿ ನಾಲ್ಕು ಕೆ.ಜಿ. ಉಪ್ಪು ಖರ್ಚಾಯಿತು. ಎಲೆಯಲ್ಲಿ ಬಿಟ್ಟದ್ದು, ಪಾತ್ರೆಯಲ್ಲಿ ಉಳಿದದ್ದು ಅಂತ ಒಂದು ಕೆ.ಜಿ. ಕಳೆದೆ. ಉಳಿದ ಮೂರು ಕೆ.ಜಿ.ಯನ್ನು 500 ಜನಕ್ಕೆ ಹಂಚಿದರೆ ತಲೆಗೆ 6 ಗ್ರಾಂ. ಉಪ್ಪಿನಕಾಯಿ, ಹಪ್ಪಳ ಇದರಲ್ಲಿ ಸೇರಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಟೀ ಚಮಚದಲ್ಲಿ ತಲೆ ಸವರಿ ಒಂದು ಚಮಚ. ಬೆಳಗಿನ ಉಪ್ಪಿಟ್ಟು, ರಾತ್ರಿಯ ಊಟ, ನಡುವಿನ ಚಕ್ಕುಲಿ ಎಲ್ಲ ಸೇರಿ ಅಷ್ಟು. ನನ್ನ ಒಂದು ಹೊತ್ತಿನ ಊಟವೇ ಅದನ್ನು ದಾಟಿತ್ತು.

ಮದುವೆ ಊಟ ಎಲ್ಲೋ ಒಂದು ದಿನದ್ದು ಅಲ್ವಾ ಅನ್ನಬಹುದು. ಸರಿ, ಮನೆಗೆ ಬರೋಣ. ದೇಶದ ಬೇರೆ ಬೇರೆ ಕಡೆ ಮೂತ್ರ ಪರೀಕ್ಷೆ ಮಾಡಿ ಅಳೆದಾಗ ನಾವು ದಿನಕ್ಕೆ ಸರಾಸರಿ 8 ಗ್ರಾಂ ಉಪ್ಪು ತಿನ್ನುತ್ತೇವೆ ಅಂತ ಗೊತ್ತಾಗಿದೆ. ಗಂಡಸರು 9ರ ಹತ್ತಿರ, ಹೆಂಗಸರು 7ರ ಆಸುಪಾಸು. ನಾನು ಅಷ್ಟು ದೂರ ಹೋಗಲಿಲ್ಲ. ಸೊಸೆಗೆ ಒಂದು ಕೆಲಸ ಹೇಳಿದೆ. ಉಪ್ಪಿನ ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರಿ, ಮುಗಿದ ದಿನ ಹೇಳು ಅಂತ. ನಮ್ಮ ಮನೆಯಲ್ಲಿ ಐದು ಜನ. ಒಂದು ಕೆ.ಜಿ. ಪ್ಯಾಕೆಟ್ 22 ದಿನಕ್ಕೆ ಮುಗಿಯಿತು. ತಲೆಗೆ ದಿನಕ್ಕೆ 9 ಗ್ರಾಂ. ಉಪ್ಪು ಬಿಟ್ಟಿದ್ದೇನೆ ಅಂತ ಹೇಳಿಕೊಂಡು ತಿರುಗುತ್ತಿದ್ದವನ ಮನೆಯ ಲೆಕ್ಕ ಇದು.

ಇಲ್ಲಿಗೆ ನನ್ನ ಬೇಡಿಕೆ ಬಂತು, ಮಾನ್ಯರೇ. ಇದು ಹೊಸ ಯೋಜನೆಯಲ್ಲ, ಅನುದಾನ ಬೇಡ, ಜಾಥಾ ಬೇಡ. ಪ್ರತಿ ಉಪ್ಪಿನ ಪ್ಯಾಕೆಟ್ ಮೇಲೆ ಒಂದು ಸಾಲು ಅಚ್ಚು ಹಾಕಿಸಿ: "ನಾಲ್ಕು ಜನರ ಮನೆಗೆ ಈ ಒಂದು ಕೆ.ಜಿ. ಕಡಿಮೆಯೆಂದರೂ 50 ದಿನ ಬರಬೇಕು." ಪಕ್ಕದಲ್ಲಿ "ಒಡೆದ ದಿನ" ಅಂತ ಒಂದು ಖಾಲಿ ಗೆರೆ. ಅಷ್ಟೇ.

ಲೆಕ್ಕ ಸುಲಭ. ನಾಲ್ಕು ಜನ, ತಲೆಗೆ 5 ಗ್ರಾಂ, ದಿನಕ್ಕೆ 20. ಸಾವಿರ ಗ್ರಾಂಗೆ 50 ದಿನ. ಇಬ್ಬರೇ ಇದ್ದರೆ 100 ದಿನ. ಹೊರಗಿನ ತಿಂಡಿ, ಉಪ್ಪಿನಕಾಯಿ, ಹಪ್ಪಳ ಇದ್ದೇ ಇರುತ್ತದೆ, ಹಾಗಾಗಿ ಇನ್ನೂ ಜಾಸ್ತಿ ದಿನ ಬಂದರೆ ಒಳ್ಳೆಯದು. "ಮಿತವಾಗಿ ಬಳಸಿ" ಅನ್ನುವ ಮಾತಿಗಿಂತ ಇದು ಎಷ್ಟೋ ವಾಸಿ. ಮಿತ ಅಂದರೆ ಎಷ್ಟು? ನನಗೆ ಕೊಪ್ಪರಿಗೆ ಮುಂದೆ ಎರಡು ಹಿಡಿ ಕೂಡ ಮಿತವೇ ಆಗಿತ್ತು. ಅಡುಗೆಮನೆಗೆ ಮಿಲಿಗ್ರಾಂ ಅರ್ಥವಾಗುವುದಿಲ್ಲ. ಅಲ್ಲಿಯ ಕ್ಯಾಲೆಂಡರು ಸಾಮಾನು ಮುಗಿಯುವುದರ ಮೇಲೆ ನಡೆಯುತ್ತದೆ. ಗ್ಯಾಸ್ ಸಿಲಿಂಡರು ಎಷ್ಟು ದಿನ ಬಂತು ಅಂತ ನಮ್ಮ ಹೆಂಗಸರು ನಿದ್ದೆಯಲ್ಲೂ ಹೇಳುತ್ತಾರೆ. ಉಪ್ಪು ಎಷ್ಟು ದಿನ ಬಂತು ಅಂತ ಯಾರೂ ಅವರನ್ನು ಕೇಳಿಯೇ ಇಲ್ಲ.

ಉಪ್ಪು ಒಳಗೆ ಹೋಗಿ ಮಾಡುವುದೇನು ಅಂತ ನನಗೆ ಅರ್ಥವಾದದ್ದು ಮಾವಿನ ಮಿಡಿಯಿಂದ. ನಮ್ಮ ಕಡೆ ಮಿಡಿ ಉಪ್ಪಿನಕಾಯಿ ಹಾಕುವ ಕ್ರಮ ಗೊತ್ತಿರಬೇಕಲ್ಲ. ಮಿಡಿ ತೊಳೆದು ಒರೆಸಿ, ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಅಂತ ಭರಣಿಗೆ ತುಂಬುತ್ತೇವೆ. ಒಂದು ತೊಟ್ಟು ನೀರು ಹಾಕುವುದಿಲ್ಲ. ವಾರ ಕಳೆದು ನೋಡಿದರೆ ಭರಣಿ ತುಂಬ ನೀರು, ಮಿಡಿ ಚಿರುಟಿರುತ್ತದೆ. ಎಲ್ಲಿಂದ ಬಂತು ನೀರು? ಉಪ್ಪು ಎಳೆದದ್ದು. ಉಪ್ಪು ಇದ್ದಲ್ಲಿ ನೀರು ಬಂದು ನಿಲ್ಲುತ್ತದೆ. ರಕ್ತದಲ್ಲೂ ಹಾಗೇ. ಉಪ್ಪು ಜಾಸ್ತಿಯಾದರೆ ಬಾಯಾರುತ್ತದೆ, ಕುಡಿದ ನೀರನ್ನು ದೇಹ ಹಿಡಿದಿಟ್ಟುಕೊಳ್ಳುತ್ತದೆ, ಓಡುವ ರಕ್ತದ ಪ್ರಮಾಣ ಹೆಚ್ಚುತ್ತದೆ. ಕೊಳವೆ ಅಷ್ಟೇ ದಪ್ಪ, ಒಳಗೆ ಹರಿಯುವುದು ಜಾಸ್ತಿ. ಗೋಡೆಗೆ ಒತ್ತಡ ಬೀಳುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತ ನಾವು ತಪ್ಪು ಮಾಡಿದವರಿಗೆ ಹೇಳುವ ಮಾತು ಕಿಡ್ನಿಯ ಮಟ್ಟಿಗೆ ಅಕ್ಷರಶಃ ಸತ್ಯ. ಹೆಚ್ಚಾದ ಸೋಡಿಯಂ, ಅಂದರೆ ಉಪ್ಪಿನೊಳಗಿನ ಬಿಪಿ ಏರಿಸುವ ಅಂಶ, ಹೊರಹಾಕುವ ಕೂಲಿ ಅದರದೇ. ವರ್ಷಗಟ್ಟಲೆ ಹೀಗೆ ನಡೆದರೆ ರಕ್ತನಾಳ ಗಡುಸಾಗುತ್ತದೆ. ಆಮೇಲೆ ಒಂದು ದಿನ ಲಕ್ವ, ಇಲ್ಲವೇ ಹೃದಯ, ಇಲ್ಲವೇ ಅದೇ ಕಿಡ್ನಿ.

ಎಲ್ಲ ಪಾಪವನ್ನೂ ಉಪ್ಪಿನ ತಲೆಗೆ ಕಟ್ಟುತ್ತಿಲ್ಲ. ನನ್ನ ಅಪ್ಪನಿಗೂ ಬಿಪಿ ಇತ್ತು. ನನ್ನ ಹೊಟ್ಟೆ ನನಗಿಂತ ಮುಂದೆ ನಡೆಯುತ್ತಿತ್ತು. ಹೊಗೆಸೊಪ್ಪಿನ ಕತೆ ಹೇಳಿಯಾಯಿತು. ಒಂದೇ ಉಪ್ಪಿಗೆ ಎಲ್ಲರ ಬಿಪಿಯೂ ಒಂದೇ ಸಮ ಏರುವುದಿಲ್ಲ, ವಯಸ್ಸಾದವರಿಗೆ ಜಾಸ್ತಿ ಏರುತ್ತದೆ. ಆದರೆ ಅಪ್ಪನನ್ನು ಬದಲಾಯಿಸಲು ಆಗುತ್ತದಾ? ಉಪ್ಪಿನ ಡಬ್ಬಿ ಕೈಗೆ ಸಿಗುತ್ತದೆ.

ಮನೆಯ ಉಪ್ಪಿಗೆ ಮನೆಯವರೇ ಹೊಣೆ, ಒಪ್ಪಿದೆ. ನಮ್ಮ ದೇಶದಲ್ಲಿ ಜಾಸ್ತಿ ಉಪ್ಪು ಬರುವುದೂ ಮನೆಯ ಒಲೆಯಿಂದಲೇ. ಹಾಗಾದರೆ ನಿಮ್ಮ ಕೆಲಸ ಏನು ಅಂತ ಕೇಳಿದರೆ, ಮನೆಯ ಒಲೆಗೇ ಈಗ ಅರ್ಧ ಸಾಮಾನು ಪ್ಯಾಕೆಟ್ಟಿನಿಂದ ಬರುತ್ತಿದೆ. ಶುಂಠಿ ಬೆಳ್ಳುಳ್ಳಿ ಪೇಸ್ಟ್‌ಗೆ ಕೆಡದಿರಲಿ ಅಂತ ಉಪ್ಪು ಹಾಕಿರುತ್ತಾರೆ. ಬೆಣ್ಣೆಯಲ್ಲಿ ಉಪ್ಪು. ದಿಢೀರ್ ಮಿಕ್ಸಿನಲ್ಲಿ ಉಪ್ಪು. ಬ್ರೆಡ್ಡು ಉಪ್ಪು ಅನ್ನಿಸುವುದೇ ಇಲ್ಲ, ಅದರಲ್ಲೂ ಇದೆ. ಅಡುಗೆ ಸೋಡಾ ಬಾಯಿಗೆ ಉಪ್ಪಲ್ಲ, ಆದರೆ ಅದೂ ಸೋಡಿಯಂ. ಹಪ್ಪಳದ ಹಿಟ್ಟಿಗೆ ಹಾಕುವ ಕ್ಷಾರವೂ ಅಷ್ಟೇ. ಬೋಂಡ ಉಬ್ಬಲಿ, ಹಪ್ಪಳ ಅರಳಲಿ ಅಂತ ನಾನು ಜೀವಮಾನವಿಡೀ ಸುರಿದದ್ದು ಅದನ್ನೇ. ಇದು ಗೊತ್ತಾದಾಗ ನಾನು ನಿಜವಾಗಿ ಬೆಚ್ಚಿದ್ದೆ.

ಮೊಮ್ಮಗನ ಐದು ರೂಪಾಯಿ ಪ್ಯಾಕೆಟ್ ಓದಲು ಒಂದು ಸಂಜೆ ಪೂರ್ತಿ ಕೂತೆವು. ಮುಂಭಾಗದಲ್ಲಿ ಟೊಮೆಟೊ ಚಿತ್ರ, ನಗುವ ಗೊಂಬೆ. ಹಿಂಭಾಗದಲ್ಲಿ, ಅಂಟಿಸಿದ ಅಂಚಿನ ಹತ್ತಿರ, ಇರುವೆ ಸಾಲಿನ ಹಾಗೆ ಅಕ್ಷರ. ಸೊಸೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿದಳು. ಅಲ್ಲಿ ಉಪ್ಪು ಅಂತ ಇಲ್ಲ, ಸೋಡಿಯಂ ಅಂತ ಇದೆ. ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. 100 ಗ್ರಾಂಗೆ 1000 ಮಿಲಿಗ್ರಾಂ ಸೋಡಿಯಂ ಅಂತ ಬರೆದಿದ್ದರೆ ಎರಡೂವರೆ ಗ್ರಾಂ ಉಪ್ಪು, ದಿನದ ಪಾಲಿನಲ್ಲಿ ಅರ್ಧ. ಕೆಲವರು "ಒಂದು ಸರ್ವಿಂಗ್‌ಗೆ" ಅಂತ ಲೆಕ್ಕ ಕೊಟ್ಟಿರುತ್ತಾರೆ. ಆ ಸರ್ವಿಂಗ್ ಅನ್ನುವುದು ಪ್ಯಾಕೆಟ್ಟಿನ ಒಂದು ಪಾಲು. ಪ್ಯಾಕೆಟ್ಟಿನ ಒಂದು ಪಾಲು ತಿಂದು ಉಳಿದದ್ದಕ್ಕೆ ರಬ್ಬರ್ ಬ್ಯಾಂಡ್ ಹಾಕಿಡುವ ಎಂಟು ವರ್ಷದ ಹುಡುಗ ನಿಮಗೆಲ್ಲಾದರೂ ಸಿಕ್ಕಿದ್ದಾನಾ?

ಇದೆಲ್ಲ ಯಾವ ಭಾಷೆಯಲ್ಲಿದೆ? ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಇದ್ದರೆ ಸಾಕು ಅಂತ ನಿಮ್ಮ ನಿಯಮ ಹೇಳುತ್ತದೆ. ಬೇರೆ ಭಾಷೆ ಬೇಕಾದರೆ ಸೇರಿಸಬಹುದು, ಸೇರಿಸಲೇಬೇಕೆಂದಿಲ್ಲ. ಕಂಪನಿಗಳು ಬಣ್ಣದ ಜಾಹೀರಾತನ್ನು ಒಳ್ಳೇ ಕನ್ನಡದಲ್ಲಿ ಮಾಡುತ್ತವೆ. ಗಾದೆ ಬಳಸುತ್ತವೆ, ಹಾಡು ಕಟ್ಟುತ್ತವೆ. ಸೋಡಿಯಂ ಎಷ್ಟು ಅಂತ ಹೇಳುವಾಗ ಮಾತ್ರ ಕನ್ನಡ ಮರೆತುಹೋಗುತ್ತದೆ. ನಿಮ್ಮದೇ ಪ್ರಾಧಿಕಾರ "ಆಜ್ ಸೇ ಥೋಡಾ ಕಮ್" ಅಂತ ಒಂದು ಪ್ರಚಾರ ಮಾಡಿತ್ತು. ಇವತ್ತಿನಿಂದ ಸ್ವಲ್ಪ ಕಡಿಮೆ ಅಂತ ಅರ್ಥ. ಚೆನ್ನಾದ ಮಾತು. ನನಗೆ ಅದು ಗೊತ್ತಾದದ್ದು ಈ ಪತ್ರ ಬರೆಯಲು ಸೊಸೆಯ ಹತ್ತಿರ ಹುಡುಕಿಸಿದಾಗ.

ನಿಮಗೆ ಒಳ್ಳೆಯ ಗುರುತು ಹಾಕಲು ಬರುವುದಿಲ್ಲ ಅಂತಲ್ಲ. ಹಸಿರು ಚುಕ್ಕೆ ನೋಡಿ. ಚೌಕದೊಳಗೆ ಒಂದು ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ ಅಂತ ಅಕ್ಷರ ಬಾರದ ನಮ್ಮ ಅತ್ತೆಗೂ ಗೊತ್ತು. ಪ್ಯಾಕೆಟ್ ಕೈಗೆ ಬಂದ ಕೂಡಲೇ ಅವರ ಕಣ್ಣು ಮೊದಲು ಹೋಗುವುದು ಅಲ್ಲಿಗೆ. ಎಂಥ ಗುರುತು ಅದು! ಭಾಷೆ ಬೇಡ, ಕನ್ನಡಕ ಬೇಡ. ಮಡಿಗೆ ಅಂತ ಅಷ್ಟು ಚೊಕ್ಕ ಗುರುತು ಕೊಟ್ಟವರು ರಕ್ತದೊತ್ತಡಕ್ಕೆ ಅಂತ ಒಂದು ಕೊಡಬಾರದಾ?

ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ 2016ರಿಂದ ಇದೆ. ಉಪ್ಪು, ಸಕ್ಕರೆ, ಕೊಬ್ಬು ಮಿತಿ ಮೀರಿದರೆ ಪ್ಯಾಕೆಟ್ಟಿನ ಮುಂಭಾಗದಲ್ಲೇ ಎಂಟು ಮೂಲೆಯ ಕಪ್ಪು ಮುದ್ರೆ. ನೀವು 2022ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಕರಡು ನಿಯಮದಲ್ಲಿ ಮುಂಭಾಗಕ್ಕೆ ಅಂತ ಇದ್ದದ್ದು ನಕ್ಷತ್ರ. ಅರ್ಧದಿಂದ ಐದರವರೆಗೆ. ನಮ್ಮಲ್ಲಿ ನಕ್ಷತ್ರ ಕೊಡುವುದು ಚೆನ್ನಾಗಿ ಬರೆದ ಮಗುವಿನ ಪುಸ್ತಕಕ್ಕೆ. ಉಪ್ಪು ಸುರಿದ ಚಿಪ್ಸಿಗೂ ಅರ್ಧ ನಕ್ಷತ್ರ ಸಿಕ್ಕರೆ ಮೊಮ್ಮಗ ಅದನ್ನು ಬಹುಮಾನ ಅಂತಲೇ ಓದುತ್ತಾನೆ. ಮೇಲಾಗಿ ನಕ್ಷತ್ರದ ಲೆಕ್ಕದಲ್ಲಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ಕೂಡಿಸಿ ಕಳೆಯುತ್ತಾರೆ. ಸ್ವಲ್ಪ ನಾರು, ಸ್ವಲ್ಪ ಕಾಳು ಸೇರಿಸಿದರೆ ಉಪ್ಪು ಮರೆಯಾಗಿಬಿಡುತ್ತದೆ. ಗೋಡಂಬಿ ಹಾಕಿದೆ ಅಂತ ಉಪ್ಪಾದ ಪಲ್ಯ ಸರಿಹೋಗುತ್ತದಾ? 2024ರ ಜುಲೈನಲ್ಲಿ ಉಪ್ಪು, ಸಕ್ಕರೆ, ಕೊಬ್ಬಿನ ಅಂಕಿಗಳನ್ನು ದಪ್ಪಕ್ಷರದಲ್ಲಿ ಹಾಕಿಸುತ್ತೇವೆ ಅಂದಿರಿ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಈ ಮುಂಭಾಗದ ಗುರುತಿನ ಬಗ್ಗೆ ಮೂರು ತಿಂಗಳಲ್ಲಿ ಶಿಫಾರಸು ಕೊಡಿ ಅಂತ ತಜ್ಞರ ಸಮಿತಿಗೆ ಹೇಳಿತು. ನಮ್ಮ ಬೀದಿಯ ಅಂಗಡಿಯಲ್ಲಿ ದಾರಕ್ಕೆ ನೇತಾಡುವ ಪ್ಯಾಕೆಟ್ಟುಗಳ ಮುಂಭಾಗದಲ್ಲಿ ನನಗೆ ಇನ್ನೂ ಕಾಣುತ್ತಿರುವುದು ಟೊಮೆಟೊ ಮತ್ತು ಗೊಂಬೆ. 2025ರೊಳಗೆ ಉಪ್ಪಿನ ಬಳಕೆಯನ್ನು ಶೇ. 30ರಷ್ಟು ಇಳಿಸುವ ಗುರಿಯನ್ನು ದೇಶವೇ ಒಪ್ಪಿಕೊಂಡಿತ್ತು. ಅದು ನಿಮಗೆ ನೆನಪಿರುತ್ತದೆ, ನಾನು ಹೇಳಬೇಕಿಲ್ಲ.

ಹಾಗಾಗಿ ಎರಡನೇ ಬೇಡಿಕೆ. ಮುಂಭಾಗದಲ್ಲಿ, ಹಸಿರು ಚುಕ್ಕೆಯ ಪಕ್ಕದಲ್ಲೇ, ಉಪ್ಪು ಜಾಸ್ತಿ ಅಂತ ಹೇಳುವ ಒಂದು ಗುರುತು. ಜೊತೆಗೆ ಮಾರುವ ರಾಜ್ಯದ ಭಾಷೆಯಲ್ಲಿ ಎರಡೇ ಪದ: "ಉಪ್ಪು ಜಾಸ್ತಿ". ಸೋಡಿಯಂ ಅಂತ ಬೇಡ. ಉಪ್ಪು.

ಉಪ್ಪು ಕಡಿಮೆ ಮಾಡಿದರೆ ಮಾಲು ಹೋಗುವುದಿಲ್ಲ ಅಂತ ತಯಾರಕರು ಹೇಳುತ್ತಾರಂತೆ. ಇದಕ್ಕೆ ನಾನು ಉತ್ತರ ಕೊಡಬಲ್ಲೆ, ಯಾಕೆಂದರೆ ನನಗೂ ಅದೇ ಭಯ ಇತ್ತು. ಅಡುಗೆಯವನಿಗೆ ಸಪ್ಪೆ ಅನ್ನುವಷ್ಟು ದೊಡ್ಡ ಬೈಗುಳ ಬೇರೆ ಇಲ್ಲ. ಸಪ್ಪೆ ಅಂದರೆ ಮುಂದಿನ ಮದುವೆ ಕೈತಪ್ಪಿತು ಅಂತಲೇ. ಮಗನೂ ನಾನೂ ಕೂತು ಒಂದು ಉಪಾಯ ಮಾಡಿದೆವು. 500 ಎಲೆಗೆ ನಾಲ್ಕು ಕೆ.ಜಿ. ಹೋಗುತ್ತಿತ್ತಲ್ಲ, ಪ್ರತಿ ತಿಂಗಳು 100 ಗ್ರಾಂ ಇಳಿಸುವುದು. ಕೈಯಳತೆ ಬಂದ್, ತಕ್ಕಡಿ ಶುರು. ಹುಳಿಗೆ ಹುಣಸೆ ಒಂದು ಎಳೆ ಮೇಲೆ. ಪಲ್ಯಕ್ಕೆ ಇಳಿಸುವ ಹೊತ್ತಿಗೆ ನಿಂಬೆಹಣ್ಣು. ಕೊತ್ತಂಬರಿ ಸೊಪ್ಪು, ಇಂಗು, ಹಸಿಶುಂಠಿ ಸ್ವಲ್ಪ ಧಾರಾಳ. ಹುಳಿ, ಖಾರ, ಪರಿಮಳ ಮುಂದೆ ಬಂದರೆ ಉಪ್ಪು ಹಿಂದೆ ಸರಿದದ್ದು ನಾಲಿಗೆಗೆ ತಿಳಿಯುವುದಿಲ್ಲ. ಕೋಸಂಬರಿಗೆ ಉಪ್ಪು ಬಡಿಸುವ ಹೊತ್ತಿಗೇ ಹಾಕುವುದು. ಅದು ನೀರು ಬಿಡುವುದೂ ತಪ್ಪಿತು. ಹತ್ತು ತಿಂಗಳಲ್ಲಿ ಮೂರು ಕೆ.ಜಿ.ಗೆ ಬಂದೆವು. ಒಬ್ಬರೂ ಕೇಳಲಿಲ್ಲ.

ಒಬ್ಬರು ಕೇಳಿದರು, ಸುಳ್ಳು ಹೇಳಬಾರದು. ಒಂದು ಉಪನಯನದಲ್ಲಿ ಹಿರಿಯರೊಬ್ಬರು "ಭಟ್ರೇ, ಸಾರಿಗೆ ಉಪ್ಪು ಸ್ವಲ್ಪ ಬೇಕಿತ್ತು" ಅಂದರು. ಬಡಿಸುವ ಹುಡುಗ ಅವರ ಎಲೆಯ ತುದಿ ತೋರಿಸಿದ. ಎಲೆಗೆ ನಾವು ಮೊದಲು ಬಡಿಸುವುದೇ ಉಪ್ಪು, ಎಡಗಡೆ ತುದಿಯಲ್ಲಿ. ಬೇಕಾದವರು ಬೇಕಾದಷ್ಟು ಕಲಸಿಕೊಳ್ಳಲಿ ಅಂತಲೇ ಅದು ಇರುವುದು ಅಂತ ನನಗೆ ಆವತ್ತು ಹೊಳೆಯಿತು. ನಲವತ್ತು ವರ್ಷ ಆ ಉಪ್ಪನ್ನು ಶಾಸ್ತ್ರಕ್ಕೆ ಅಂತ ಬಡಿಸಿದ್ದೆ.

ನಾವು ಮಾಡಿದ್ದು ಹೊಸತೇನಲ್ಲವಂತೆ. ಇಂಗ್ಲೆಂಡಿನಲ್ಲಿ 2003ರ ಹೊತ್ತಿಗೆ ಸರ್ಕಾರ ಈ ಕೆಲಸ ಶುರುಮಾಡಿ, ಆಮೇಲೆ ಬ್ರೆಡ್ಡು ಮತ್ತಿತರ ತಯಾರಕರಿಗೆ ಗುರಿ ಕೊಟ್ಟು, ವರ್ಷ ವರ್ಷ ಸ್ವಲ್ಪ ಸ್ವಲ್ಪ ಇಳಿಸಿತು. ಜನರ ಉಪ್ಪಿನ ಸೇವನೆ 2011ರ ಹೊತ್ತಿಗೆ ದಿನಕ್ಕೆ 9.5 ಗ್ರಾಂನಿಂದ 8.1ಕ್ಕೆ ಬಂತು. ನಾಲಿಗೆ ಕೆಲವು ವಾರದಲ್ಲೇ ಕಡಿಮೆ ಉಪ್ಪಿಗೆ ಒಗ್ಗುತ್ತದೆ. ಈಗ ಬೇರೆಯವರ ಮದುವೆಯಲ್ಲಿ ಉಂಡರೆ ನನಗೇ ಉಪ್ಪು ಅನ್ನಿಸುತ್ತದೆ. ಕಸುಬಿನ ಗೌರವಕ್ಕೆ ಸುಮ್ಮನಿರುತ್ತೇನೆ.

ಮನೆಯವರು ಕೇಳುವ ಒಂದೆರಡು ಪ್ರಶ್ನೆಗೆ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ, ಆಮೇಲೆ ಫೋನ್ ಮಾಡುತ್ತಾರೆ. ಸೈಂಧವ ಲವಣ, ಗುಲಾಬಿ ಉಪ್ಪು ಬಿಪಿಗೆ ಒಳ್ಳೆಯದು ಅಂತ ವಾಟ್ಸಾಪಿನಲ್ಲಿ ಓಡುತ್ತಿದೆ. ಬಣ್ಣ ಬೇರೆ, ಒಳಗಿರುವುದು ಬಹುತೇಕ ಅದೇ ಸೋಡಿಯಂ ಕ್ಲೋರೈಡ್. ಅಯೋಡಿನ್ ಇರುವುದೂ ಕಷ್ಟ. ಗಂಟಲಿನ ಗಳಗಂಡಕ್ಕೆ ಅಂತ ಇಷ್ಟು ವರ್ಷ ಅಯೋಡಿನ್ ಸೇರಿಸಿ ಗೆದ್ದದ್ದನ್ನು ಬಿಪಿ ಹೆಸರಲ್ಲಿ ಕಳೆದುಕೊಳ್ಳುವುದು ಬೇಡ. ಅಯೋಡಿನ್ ಉಪ್ಪನ್ನೇ ತನ್ನಿ, ಕಡಿಮೆ ಹಾಕಿ. ಹಾಗಂತ ಉಪ್ಪು ಪೂರ್ತಿ ಬಿಡುವ ಸಾಹಸವೂ ಬೇಡ. ಬಿಸಿಲಲ್ಲಿ ಬೆವರು ಸುರಿಸುವವರಿಗೆ, ಕೆಲವು ಮಾತ್ರೆ ತಗೊಳ್ಳುವ ವಯಸ್ಸಾದವರಿಗೆ ಸೋಡಿಯಂ ಕುಸಿದರೂ ತೊಂದರೆಯೇ.

ಇನ್ನೊಂದು, ಸೋಡಿಯಂ ಕಡಿಮೆ ಇರುವ ಉಪ್ಪು. ಅದರಲ್ಲಿ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ಐದು ವರ್ಷದ ಹತ್ತಿರ ನಡೆದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಲಕ್ವ ಹೊಡೆದಿದ್ದವರು, ಬಿಪಿ ಇದ್ದ ವಯಸ್ಸಾದವರು. ಅರ್ಧದಷ್ಟು ಹಳ್ಳಿಗಳಲ್ಲಿ ಮಾಮೂಲಿ ಉಪ್ಪಿನ ಬದಲು ಕಾಲು ಪಾಲು ಪೊಟ್ಯಾಸಿಯಂ ಇರುವ ಉಪ್ಪು ಕೊಟ್ಟರು. ಅಲ್ಲಿ ಲಕ್ವ ಶೇ. 14ರಷ್ಟು ಕಡಿಮೆಯಾಯಿತು. ಅಡುಗೆ ಅದೇ, ಒಲೆ ಅದೇ, ಡಬ್ಬಿಯೊಳಗಿನ ಉಪ್ಪು ಬೇರೆ. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇಂಥ ಉಪ್ಪಿನ ಪರ ಸಲಹೆ ಕೊಟ್ಟಿದೆ. ಆದರೆ ಕಿಡ್ನಿ ತೊಂದರೆ ಇರುವವರಿಗೆ ಪೊಟ್ಯಾಸಿಯಂ ಅಪಾಯ, ಕೆಲವು ಬಿಪಿ ಮಾತ್ರೆಯ ಜೊತೆಗೂ ಹೊಂದುವುದಿಲ್ಲ. ಡಾಕ್ಟರನ್ನು ಕೇಳದೆ ತರಬೇಡಿ. ಮಾನ್ಯರೇ, ಇದನ್ನೂ ಆ ಪ್ಯಾಕೆಟ್ ಮೇಲೆ ದಪ್ಪಕ್ಷರದಲ್ಲಿ, ಕನ್ನಡದಲ್ಲಿ ಹಾಕಿಸಿದರೆ ಪುಣ್ಯ ಬರುತ್ತದೆ. ಕಿಡ್ನಿ ಸರಿ ಇರುವವರಿಗೆ ಪೊಟ್ಯಾಸಿಯಂ ಸೊಪ್ಪು, ಕಾಳು, ಬಾಳೆಹಣ್ಣು, ಎಳನೀರಿನಲ್ಲಿ ಧಾರಾಳವಾಗಿ ಇದೆ. ಹುರುಳಿಕಾಳು ಬಸ್ಸಾರಿಗೆ ಯಾವ ಪ್ಯಾಕೆಟ್ಟೂ ಸಮವಲ್ಲ ಅನ್ನುವುದು ನನ್ನ ಖಾಸಗಿ ಅಭಿಪ್ರಾಯ. ಉಪ್ಪು ಹದವಾಗಿದ್ದರೆ.

ನನ್ನ ಬಿಪಿ ಈಗ 130ರ ಆಸುಪಾಸು ಇದೆ. ಮಾತ್ರೆ ನಿಲ್ಲಿಸಿಲ್ಲ. ನಿಲ್ಲಿಸಬಾರದು ಕೂಡ, ಉಪ್ಪು ಬಿಟ್ಟೆ ಅಂತ ಮಾತ್ರೆಯನ್ನೂ ಬಿಟ್ಟ ನನ್ನ ಸಹಾಯಕನಿಗೆ ಬಲಗೈ ಇವತ್ತಿಗೂ ಸರಿಯಾಗಿ ಏಳುವುದಿಲ್ಲ. ಹಿಟ್ಟು ನಾದುವುದರಲ್ಲಿ ಅವನಂಥ ಕೈ ಇರಲಿಲ್ಲ. ಈಗ ಎಲೆ ಒರೆಸಿ ಜೋಡಿಸಿಕೊಡುತ್ತಾನೆ.

ಹಪ್ಪಳ ನಾನು ಇನ್ನೂ ಬಿಟ್ಟಿಲ್ಲ. ವಾರಕ್ಕೊಂದು. ಸೊಸೆ ಲೆಕ್ಕ ಇಟ್ಟಿದ್ದಾಳೆ.

ನಮ್ಮ ಮನೆಯ ಈಗಿನ ಉಪ್ಪಿನ ಪ್ಯಾಕೆಟ್ ಇವತ್ತಿಗೆ 34 ದಿನ ಆಯಿತು. ಐದು ಜನಕ್ಕೆ 40 ದಿನ ಬರಬೇಕು. ಡಬ್ಬಿ ಬಗ್ಗಿಸಿ ನೋಡಿದೆ, ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ ಇದೆ. ಹಬ್ಬ ಮುಂದಿದೆ, ಹೆಣ್ಣುಮಕ್ಕಳು ಬರುತ್ತಾರೆ, ಆದರೂ ಸಾಕಾಗಬಹುದು. ಮುಗಿದ ಮೇಲೆ ತಾರೀಖು ಬರೆದ ಆ ಖಾಲಿ ಪ್ಯಾಕೆಟ್ಟನ್ನೇ ಈ ಪತ್ರದ ಜೊತೆ ನಿಮ್ಮ ದೆಹಲಿ ಕಚೇರಿಗೆ ಅಂಚೆಯಲ್ಲಿ ಕಳಿಸುತ್ತೇನೆ. ಆ ಒಂದು ಸಾಲು ಹಾಕಲು ಹಿಂಭಾಗದಲ್ಲಿ ಬೇಕಾದಷ್ಟು ಜಾಗ ಇದೆ. ಸೊಸೆ ಪೆನ್ಸಿಲಿನಲ್ಲಿ ಚೌಕ ಹಾಕಿ ತೋರಿಸಿದ್ದಾಳೆ.

ಇಂತಿ,
ಶಿವಮೊಗ್ಗ ಜಿಲ್ಲೆಯ ಒಬ್ಬ ಅಡುಗೆಯವ